ಹಲಗಿ ಮ್ಯಾಲಿನ ಬಿಲ್ಲೆ

ಹಟ್ಟಿ ಗಣಿಯ ಬಾಯಾಗ, ಟೋಕನ್ ಕೋಣಿಯಾಗ
ಹತ್ತೊಂಬತ್ತು ವರ್ಷದಿಂದ ಕುಂತೀನಿ.
ಕೆಳಗ ಇಳಿಯಾಂವ ಹಿತ್ತಾಳಿ ಬಿಲ್ಲೆ ಕೊಟ್ಟು ಇಳಿತಾನ,
ಮ್ಯಾಲ ಬಂದಾಂವ ಇಸ್ಕೊಂಡು ಮನಿಗೆ ಹೋಗತಾನ.
ಹಲಗಿ ಮ್ಯಾಲ ಬಿಲ್ಲೆ ತೂಗತಿತ್ತಂದ್ರ
ಒಂದು ಜೀವ ನೆಲದಾಗ ಐತಿ.
ಇಷ್ಟ ನನ್ನ ಕೆಲಸ. ಕಣ್ಣು ಬೇಕು,
ನಿದ್ದಿ ಬರಬಾರದು.

ಒಮ್ಮೆ ನಾಕ್ನೂರ ಹನ್ನೆರಡು ಉಳಿದಿತ್ತು.
ಪಾಳಿ ಮುಗದು ಅರ್ಧ ತಾಸು. ತಾಯಪ್ಪಂದು.
ಭೋಂಗಾ ಹೊಡಿಸಿ ಮಂದಿ ಇಳಿಸಿದ್ವಿ.
ಕೇಜಿನ ಬಾಜೂಕ ಕುಂತು ಎಲಿ ಅಡಕಿ ಹಾಕ್ಕೋತ
ಗೆಳೆಯಾನ ಜೋಡಿ ಮಾತಿಗೆ ಬಿದ್ದಿದ್ದ.
ಬೈದೆ. ಬೈಯೂವಾಗ ಕೈ ನಡಗತಿದ್ದವು.

ಕೆಳಗಿನ ಕೆಟ್ಟ ಗಾಳಿಗೆ ವಾಸನಿ ಇರೂದಿಲ್ಲ, ಅಂತಾರ ಹಿರಿಯಾರು.
ಮಂಪರು ಬಂದಂಗ ಹಿತ ಅನಸ್ತೈತಂತ,
ಕುಂತಲ್ಲೇ ಕುಂದ್ರೂಣು ಅನಸ್ತೈತಂತ.

ನನ್ನ ಮಗಳಿಗೆ ಹನ್ನೊಂದು. ಮನ್ಯಾಗ ಹುಲಿಗೆಮ್ಮ,
ಸಾಲಿ ಹಾಜರಿಯಾಗ ಹಂಸಿಕಾ.
ಆಟದಾಗ ಮೂರನೇ ಹೆಸರು ಇಟಗೊಂಡಾಳ, ಇಂಗ್ಲಿಷಿನಾಗ,
ಬಾಲಕ್ಕ ಎರಡು ಸೊನ್ನಿ.
ಆ ಹೆಸರಿನ ಹುಡುಗಿನ್ನ ನಾ ನೋಡಿಲ್ಲ.
ಎಷ್ಟೊತ್ತಿಗೆ ಇಳಿತಾಳ, ಯಾವ ಲೆವೆಲ್ಲಿಗೆ ಹೋಗತಾಳ,
ಜೋಡಿ ಯಾರು ಇಳಿತಾರ,
ಹಲಗಿ ಮ್ಯಾಲ ಏನೂ ಇಲ್ಲ.

ದಸರಾ ಸೂಟಿಯಾಗ ಊಟ ಕಡಿಮಿ ಆತು.
ರೊಟ್ಟಿ ಬುಟ್ಟಿ ಬಾಜೂಕ ಫೋನ್ ಬೋರಲ ಇಡಾಕ ಹತ್ತಿದ್ಲು.
ಅದು ಗುಂಯ್ ಅಂದ್ರ ಆಕಿ ಹೆಗಲೂ ಗುಂಯ್ ಅಂತಿತ್ತು.
ಹಲ್ಲು ನೋವು ಇರಬೇಕು ಅಂದ್ಲು ಅವರವ್ವ.
ನಾನೂ ನಂಬಿದೆ.
ನಿದ್ದಿ ಬರಬಾರದ ಕಣ್ಣು ಅಂದೆನಲ್ಲ, ಅದು ನಂದ.

ಕೇಳಿದ್ದು ರಾತ್ರಿ ಪಾಳಿಗೆ ನಾ ಸೈಕಲ್ ಹತ್ತೂವಾಗ:
"ಅಪ್ಪಾ, ನಿಮ್ಮ ಗಣ್ಯಾಗ ಕೆಳಗಿನಾಂವ ಯಾವನರ
ಮ್ಯಾಲಿನವ್ರಿಗೆ ಹೇಳಬ್ಯಾಡ ಅಂದ್ರ ಏನ್ ಮಾಡ್ತೀರಿ?"
ಸೈಕಲ್ ಇಳಿದೆ.

ಹದಿನಾಕು ವರ್ಷದಾಂವ ಅಂತ ಹೇಳಿಕೊಂಡಿದ್ದನಂತ.
ಆಟದಾಗ ವಜ್ರ ಕೊಟ್ಟನಂತ, ನೂರು, ಮತ್ತ ನೂರು.
ಆಮ್ಯಾಲ ಫೋಟೋ ಕೇಳಿದನಂತ, ಮಾರಿದು.
ಆಮ್ಯಾಲ ಮತ್ತೊಂದು.
ಅದನ್ನ ಕಳಿಸಿಲ್ಲಪ್ಪ, ಖರೇನ ಕಳಿಸಿಲ್ಲ, ಅಂದ್ಲು.
ಕಳಿಸಿದ್ರೂ ನೀ ನನ್ನ ಮಗಳ, ಅಂದೆ.
ಈ ಮಾತು ಎಲ್ಲಿಂದ ಬಂತೋ,
ನಮ್ಮಪ್ಪಂದಂತೂ ಅಲ್ಲ.

ಯಾರಿಗೂ ಹೇಳಬ್ಯಾಡ. ಅದ ಆ ಗಾಳಿ.

ಅವತ್ತು ನನ್ನ ಕುರ್ಚಿ ಮೌಲಾಸಾಬಗ ಬಿಟ್ಟೆ.
ಅಂವ ಬರದದ್ದು ಅಳಿಸಾಕ ಹೋದ್ಲು.
ತಡಿ, ಅಂದೆ, ಇರಲಿ, ಗುರುತು ಬೇಕಾಕ್ಕೈತಿ.
ಮುಂಜಾನೆ ಟಂಟಂ ಹಿಡದು ಠಾಣೆಕ್ಕ ಹೋದ್ವಿ ಮೂರು ಮಂದಿ.
ಬರಕೊಂಡಾಕಿ ಹೆಣ್ಣಮಗಳು, ಇಕಿಗೆ ಮೊದಲು ನೀರು ಕೊಟ್ಲು.
ಅಂವ ಸಿಕ್ಕನೋ ಇಲ್ಲೋ, ಇನ್ನೂ ಸುದ್ದಿ ಇಲ್ಲ.

ಫೋನ್ ಕಸಗೊಂಡು ಬಾವಿಗೆ ಒಗಿ ಅಂದ ನಮ್ಮಣ್ಣ.
ಅಂವನೂ ಗಣ್ಯಾಗ ದುಡದಾಂವ. ಕೆಳಗಿನ ಗಾಳಿ ಕೆಟ್ಟಿತಂತ
ಶಾಫ್ಟಿಗೆ ಮಣ್ಣು ತುಂಬಿದ್ದು ಯಾವಾಗ ನೋಡ್ಯಾನೋ.

ಗುಜರಿಯಾಗಿಂದ ಹಳೇ ಬಿಲ್ಲೆ ಒಂದು ತಂದೆ, ನಂಬರ್ ಸವದದ್ದು.
ಬಾಗಿಲ ಬಾಜೂಕ ಮೊಳಿ ಬಡದೆ.
ಇಳಿಯೂವಾಗ ತೂಗಹಾಕು, ಬಂದ ಮ್ಯಾಲ ತಗಿ.
ಏನರ ಸರಿ ಇಲ್ಲ ಅನಿಸಿದ್ರ ಹಿಂದಮುಂದ ಮಾಡಿ ಹಾಕು,
ಮಾತು ಬ್ಯಾಡ, ನಾ ಬರ್ತೀನಿ.

ತಗೊಂಡು ನೋಡಿದ್ಲು. ಹಲ್ಲಿಲೆ ಕಡದು
ಬಂಗಾರ ಅಲ್ಲ ಅಂದ್ಲು.
ಎರಡು ದಿನಕ್ಕ ಕೆಳಗ ಇನ್ನೊಂದು ಮೊಳಿ,
ರಟ್ಟು ದುಂಡಗ ಕತ್ತರಿಸಿ, ಪೆನ್ನಿಲೆ ಬರದು: ಅಪ್ಪ.
"ನೀನೂ ರಾತ್ರಿ ರೀಲ್ಸಿನ್ಯಾಗ ಇಳಿತೀ, ಎರಡು ತಾಸು.
ಕರದ್ರ ಓ ಅನ್ನೂದಿಲ್ಲ."

ಗಾಳಿ ಬಿಟ್ರ ಒಂದು ಟಣ್ ಅಂತೈತಿ, ಇನ್ನೊಂದು ಸುಮ್ಮನ ಅಳ್ಳಾಡ್ತೈತಿ.
ಪಾಳಿ ಮುಗಿಸಿ ಬಂದು, ಚಪ್ಪಲಿ ಬಿಡೂಕ್ಕಿಂತ ಮೊದಲ
ಮೊಳಿ ನೋಡ್ತೀನಿ.