ನಾಲ್ಕನೇ ಜ್ವರ

ಇನ್ನೂ ಮುಗೀಲಿಲ್ವಾ ಅಂತ ಕೇಳ್ತಾಳೆ ಅಕ್ಕಾಯಮ್ಮ,
ಚಿಂತಾಮಣಿ ಬಸ್ಸಿಗೆ ಕಾಯುತ್ತ, ನನ್ನ ಚೀಲ ಇಣುಕಿ.
ಮೂರು ಚಳಿಗಾಲದಿಂದ ಅದೇ ಪ್ರಶ್ನೆ.
ಚೀಲ ಮಾತ್ರ ಬೇರೆ: ಮೊದಲು ಜವಳಿ ಅಂಗಡಿಯದು,
ಈಗ ರಸಗೊಬ್ಬರದ್ದು, ಒಗೆದು ಒಣಗಿಸಿದ್ದು.
ಒಳಗೆ ನೀಲಿ ಉಲ್ಲನ್, ಸೈಕಲ್ ಕಡ್ಡಿ ಉಜ್ಜಿ
ಮಾಡಿಸಿದ ಎರಡು ಸೂಜಿ,
ಒಂದು ತೋಳು. ತೋಳೋ, ಮಫ್ಲರೋ,
ನನಗೇ ಇನ್ನೂ ಗೊತ್ತಾಗಬೇಕು.

ಹಗಲೆಲ್ಲ ನನ್ನದು ಬಿಚ್ಚಾಣಿಕೆ.
ಶಿಡ್ಲಘಟ್ಟದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ,
ಊರಿಗೂರೇ ಆ ವಾಸನೆ ಹೊದ್ದು ಮಲಗುತ್ತೆ.
ಬೇಯುವ ನೀರಲ್ಲಿ ಗೂಡುಗಳು ಕುಣಿಯುತ್ತವೆ,
ಪೊರಕೆ ಕಡ್ಡಿಯಲ್ಲಿ ಸವರಿ, ತುದಿ ಹುಡುಕಿ,
ಏಳೆಂಟು ಎಳೆ ಸೇರಿಸಿ ಚರಕಕ್ಕೆ ಕೊಡಬೇಕು.
ಒಂದು ಗೂಡಿನ ಎಳೆ ಇಲ್ಲಿಂದ ದಿಬ್ಬೂರಹಳ್ಳಿ ರಸ್ತೆಯ
ತಿರುವು ಮುಟ್ಟುತ್ತೆ ಅಂತ ನಮ್ಮ ಸಾಹುಕಾರರ ಲೆಕ್ಕ.
ನಡುವೆ ಒಂದೇ ಒಂದು ಗಂಟಿಲ್ಲ.
ಯೋಚಿಸಿದರೆ ಹೊಟ್ಟೆಕಿಚ್ಚಾಗುತ್ತೆ:
ಸೊಪ್ಪು ತಿಂದುಕೊಂಡು, ನಾಲ್ಕು ಜ್ವರ ಕಳೆದು,
ಹಣ್ಣಾಗಿ, ಚಂದ್ರಿಕೆ ಹತ್ತಿ,
ಮೂರೇ ದಿನಕ್ಕೆ ಕೆಲಸ ಮುಗಿಸಿಬಿಡುತ್ತೆ ಹುಳು.
ಒಂದು ದಿನ ರಜೆ ಕೇಳಿದ್ದಿಲ್ಲ.
ಮುಗಿಸಿದ್ದಕ್ಕೇ ಅಲ್ಲವೆ
ಅದಕ್ಕೆ ಈ ನೀರು.

ಇದನ್ನು ಅಕ್ಕಾಯಮ್ಮನಿಗೆ ಹೇಳಿದರೆ ನಗುತ್ತಾಳೆ.
ಸೋಮಾರಿಗೆ ಸಾವಿರ ನೆಪ, ಅಂತಾಳೆ.

ಹೆಣಿಗೆ ಕಲಿಸಿದವಳು ಮುಬೀನಾ, ಪಕ್ಕದ ತೊಟ್ಟಿಯವಳು.
ಒಂದು ಸೀದಾ, ಒಂದು ಉಲ್ಟಾ.
ಕುಣಿಕೆಗೆ ಅವಳು ಘರ್ ಅಂತಾಳೆ, ಅಂದರೆ ಮನೆ.
ನಲವತ್ತು ಮನೆ ಹಾಕು ಸಾಕು, ಪಾಪು ಚಿಕ್ಕದಿರುತ್ತೆ, ಅಂದಳು,
ಏಳು ತಿಂಗಳ ಹೊಟ್ಟೆ ತೊಟ್ಟಿಗೆ ತಾಗದಂತೆ ಓರೆ ನಿಂತು.
ನನ್ನ ಬೆರಳೋ, ಬಿಸಿನೀರಿಗೆ ಬಿರಿದು ಹೋಗಿವೆ.
ರೇಷ್ಮೆ ಜಾರಿಕೊಂಡು ಹೋಗುತ್ತೆ, ಗುರುತೇ ಹಿಡಿಯಲ್ಲ;
ಉಲ್ಲನ್ ಮಾತ್ರ ಬಿರುಕು ಬಿರುಕಿಗೂ ಸಿಕ್ಕಿ
ನಿಂತು ಮಾತಾಡಿಸಿಯೇ ಮುಂದೆ ಹೋಗೋದು.
ಮನೆ ತಪ್ಪುತ್ತಿತ್ತು. ಮತ್ತೆ ಎತ್ತುತ್ತಿದ್ದೆ.

ಹೆಣೆದೆ. ಕೊರಳ ಪಟ್ಟಿಯೊಂದು ಬಾಕಿ.
ಪಾಪು ಮನೆಗೆ ಬರಲಿಲ್ಲ.

ಹದಿನಾರನೇ ದಿನ ಮುಬೀನಾ ಕೆಲಸಕ್ಕೆ ಬಂದಳು.
ಯಾರೂ ಏನೂ ಕೇಳಲಿಲ್ಲ. ಚರಕ ತಿರುಗಿತು.
ಆ ರಾತ್ರಿ ಕೂತು ಬಿಚ್ಚಿದೆ.
ಬಿಚ್ಚೋದನ್ನು ನನಗೆ ಯಾರೂ ಕಲಿಸಬೇಕಿಲ್ಲವಲ್ಲ.
ಅರ್ಧ ಗಂಟೆ ಹಿಡಿಯಲಿಲ್ಲ.

ಆಮೇಲೆ ತಮ್ಮನ ಮಗ ಚಲಪತಿಗೆ ಸ್ವೆಟರ್ ಅಂತ ಶುರು ಮಾಡಿದೆ,
ಬೆನ್ನು ಮುಗಿಯುವಷ್ಟರಲ್ಲಿ ಅವನ ಬೆನ್ನು ಎರಡು ಬೆರಳು ಮುಂದೆ.
ಬಿಚ್ಚಿದೆ. ನಮ್ಮ ಯಜಮಾನರಿಗೆ ಟೋಪಿ ಹಾಕೋಣ ಅಂದುಕೊಂಡೆ,
ತಲೆ ಕಡಿಯುತ್ತೆ ಅಂದರು.
ಬಿಚ್ಚಿದೆ. ಅಲ್ಲಿಗೆ ಮೂರು ಜ್ವರ.
ಈಗಿನದು ನಾಲ್ಕನೆಯದು,
ಏಳುತ್ತೋ ಇಲ್ಲವೋ.

ಬಿಚ್ಚಿದ ಉಲ್ಲನ್ ನೋಡಿದ್ದೀರಾ?
ನೆಟ್ಟಗೆ ನಿಲ್ಲಲ್ಲ. ಸಣ್ಣ ಸಣ್ಣ ಅಲೆ,
ಒಂದೊಂದು ಬಾಗೂ ತಾನು ಕೂತಿದ್ದ ಮನೆಯ ಅಳತೆ.
ಎಳೆದು ಹಿಡಿದರೂ, ಬಿಟ್ಟ ಕೂಡಲೆ ಮತ್ತೆ ಸುತ್ತಿಕೊಳ್ಳುತ್ತೆ.
ಬಿಸಿನೀರಿಗೆ ಅದ್ದಿ ಒಣಹಾಕು, ಎಲ್ಲಾ ಮರೆತು ನೆಟ್ಟಗಾಗುತ್ತೆ
ಅಂತ ಅಂಗಡಿಯವನು ಹೇಳಿದ.
ನೀರಿಗೇನು ಬರ, ದಿನವಿಡೀ ನನ್ನ ಮುಂದೆ ಕುದಿಯುತ್ತೆ.

ಅದ್ದಿಲ್ಲ.

ನಿನ್ನೆ ಊಟದ ಹೊತ್ತಲ್ಲಿ ಮುಬೀನಾ ಚೀಲಕ್ಕೆ ಕೈ ಹಾಕಿ
ತುಣುಕನ್ನು ತೊಡೆ ಮೇಲೆ ಹಾಸಿ, ಹೆಬ್ಬೆರಳಲ್ಲಿ ಸವರಿದಳು.
ನಾನು ಡಬ್ಬಿ ಮುಚ್ಚಳ ನೋಡುತ್ತ ಕೂತೆ.
ಆರನೇ ಸಾಲಲ್ಲಿ ಒಂದು ಮನೆ ಬಿಟ್ಟುಹೋಗಿದೆ, ಅಂದಳು.
ಸೂಜಿ ತಗೊಂಡು, ಎತ್ತಿ, ಸಾಲಿಗೆ ಸೇರಿಸಿ,
ನಿಲ್ಲಿಸದೆ ಇನ್ನೂ ಎರಡು ಸಾಲು ಹಾಕಿದಳು, ಸೀದಾ, ಉಲ್ಟಾ,
ಸಾಹುಕಾರರು ಕೂಗುವ ತನಕ.

ಬಸ್ಸು ಬಂತು. ಕಿಟಕಿ ಪಕ್ಕ ಸಿಕ್ಕಿದೆ.
ಇನ್ನೂ ಇಲ್ಲ, ಅಕ್ಕಾಯಮ್ಮ.
ಸ್ವಲ್ಪ ಸರಿದು ಕೂರಕ್ಕ, ಮೊಣಕೈ ಆಡಬೇಕು.