ಮೂಲ ದೇಶ

ದೇರಾದ ಗೋದಾಮು. ಹೊರಗೆ ನಲವತ್ತಾರು ಡಿಗ್ರಿ.
ಮೊಯಿದಿನಬ್ಬ ಕಾಫಿ ಮೂಟೆಗೆ ಕೊಳವೆ ಚುಚ್ಚಿ
ಅಂಗೈಗೆ ಸುರಿದ ಬೀಜಗಳಲ್ಲಿ
ಒಂದು ನಡೆಯಿತು.

ಸೊಂಡಿಲ ಹುಳ, ಅಂದೆ.
ಅಲ್ಲ ಮಾರಾಯ, ಭೂತಗನ್ನಡಿ ಕೊಟ್ಟ:
ಮೂತಿ ಮೋಟು, ಅಗಲ,
ಮೀಸೆಗೆ ಮೊಣಕೈ ಇಲ್ಲ.
ದಾಯಾದಿ ಇದು, ಒಲೆ ಬೇರೆ.

ಕುಲದಲ್ಲಿ ನಾಲ್ಕು ಸಾವಿರ ಬಗೆಯಂತೆ.
ಸತ್ತ ಮರದ ಬೂಷ್ಟು ಮೇಯುವವೇ ಹೆಚ್ಚು;
ಇದು ಮಾತ್ರ ಬೀಜದ ರುಚಿಗೆ ಬಿದ್ದು
ಹಡಗು ಹತ್ತಿತು.

ಎಸಿ ತೊಟ್ಟಿಕ್ಕುವ ಮೂಲೆಯಲ್ಲಿ
ಹಲಗೆಗೆ ಬೆಳ್ಳಗೆ ಬೂಷ್ಟು ಬಂದಿದೆ,
ಅಜ್ಜನ ಕಾಲದ ಊಟ.
ಅತ್ತ ತಿರುಗಲೂ ಇಲ್ಲ.

ಫಾರಮ್ಮಿನಲ್ಲಿ ‘ಮೂಲ ದೇಶ’ ಎಂಬ ಕಲಮು.
ಮೂವತ್ತು ವರ್ಷದ ಮೊಯಿದಿನಬ್ಬ
ಪೆನ್ನು ಎತ್ತಿ ಹಿಡಿದೇ ಇದ್ದ,
ಅವನ ಹೆಬ್ಬೆರಳ ಉಗುರಿನಿಂದ
ಅದು ಚಂಗನೆ ಚಿಮ್ಮಿತು.