ಎರಡು ಡಾಲರಿನ ಪಂಪು

ಮೊದಲು ಡಬ್ಬಿ.
ಕ್ಯಾಂಪಿನ ಒಲೆಗೆ ತಂದ ಎಣ್ಣೆ ಮುಗಿದು
ಗ್ಯಾರೇಜಿನ ಮೂಲೆ ಸೇರಿದ್ದ ಗ್ಯಾಲನ್ ಡಬ್ಬಿ.
ಬರಿದಾದರೂ ಒಳಗೆ ಆವಿ ಹೊಂಚಿ ಕೂತಿರುತ್ತದೆ.
ಅದಕ್ಕೇ ಕಂಠಮಟ್ಟ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ
ಆಮೇಲೆ ತೂತು ಕೊರೆದೆ.
ಶಾಲಾಬಸ್ಸಿನ ಶೆಡ್ಡಿನಲ್ಲಿ, ತೊಳೆಯದ ಡಬ್ಬಿಯೊಂದು
ನಮ್ಮವನೊಬ್ಬನ ಎರಡೂ ಹುಬ್ಬು ತಿಂದದ್ದನ್ನು
ಕಂಡವನು ನಾನು.

ಪಂಪು ಪ್ರೋಸಿಕ್‌ನ ಗುಜರಿಯದು.
ಎಂಬತ್ತಾರನೇ ಇಸವಿಯ ಪಿಕಪ್ಪಿನಲ್ಲಿ
ಮುಂಗಾಜಿಗೆ ನೀರು ಚಿಮ್ಮಿಸುತ್ತಿದ್ದ ಹೆಬ್ಬೆರಳುದ್ದದ ಪ್ರಾಣಿ.
ಮೂರು ಡಾಲರ್ ಕೇಳಿದ, ಎರಡು ಕೊಟ್ಟೆ.
ಸಸ್ಕಾಚೆವಾನಿನ ಚಳಿಯಲ್ಲಿ ಆ ನೀರು ಬರೀ ನೀರಲ್ಲ,
ಹೆಪ್ಪುಗಟ್ಟದಿರಲೆಂದು ಅರ್ಧಕ್ಕರ್ಧ ಮೆಥನಾಲ್.
ನನ್ನ ವಿಮಾನ ಕುಡಿಯುವುದೂ ಅದನ್ನೇ,
ಜೊತೆಗೊಂದಿಷ್ಟು ನೈಟ್ರೊ,
ಮತ್ತೆ, ಚಿಕ್ಕವನಿದ್ದಾಗ ಅಜ್ಜಿ
ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ.
ಪಂಪಿಗೆ ಮನೆ ಹೊಸದು, ಊಟ ಹಳೆಯದೇ.

ಹಿತ್ತಾಳೆಯ ಕೊಳವೆ ಎರಡು:
ಒಂದು ತಳ ಮುಟ್ಟಲು, ಒಂದು ಉಸಿರಾಡಲು.
ಬೆಸುಗೆಯ ತವರ ಮುನಿಸಿಕೊಂಡು ಗುಂಡಗೆ ಕೂತಿದ್ದು
ಒಮ್ಮೆಲೇ ಹೊಳೆದು ಸುತ್ತ ಹರಿಯುವ ಆ ಗಳಿಗೆ
ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಹಳತಾಗಿಲ್ಲ.
ಮೋಟರು, ತಂತಿ, ಕಿಡಿ ಎಲ್ಲ ಡಬ್ಬಿಯ ಹೊರಗೆ.
ಮೆಥನಾಲಿನ ಬೆಂಕಿ ಹಗಲಿಗೆ ಕಾಣುವುದಿಲ್ಲ;
ಮೊದಲು ಕಾಣುವುದು ಸುಟ್ಟ ಕೈ.

ಕೊನೆಗೆ ಸ್ವಿಚ್ಚು, ಎರಡೂ ಕಡೆ ಬೀಳುವಂಥದ್ದು.
ಮುಂದೆ ತಳ್ಳಿದರೆ ತುಂಬಬೇಕು,
ಹಿಂದೆ ಎಳೆದರೆ, ಸಂಜೆ, ಉಳಿದದ್ದನ್ನು ಹೀರಿಕೊಳ್ಳಬೇಕು.
ಬಿಳಿ ಬಣ್ಣದಲ್ಲಿ ಬಾಣ ಬರೆದೆ, ಎರಡು.
ಬೀಗಿದೆ.

ಭಾನುವಾರ. ಯಾರ್ಕ್‌ಟನ್ ದಾಟಿ,
ಹಳದಿ ಕನೋಲ ಹೊಲದ ನಡುವೆ ಕತ್ತರಿಸಿದ ಹುಲ್ಲಿನ ಪಟ್ಟಿ.
ಆಚೆ ತುದಿಯಲ್ಲಿ ಓರೆಸ್ಟ್ ಹ್ರಿನ್ಕಿವ್.
ಎರಡು ಚಳಿಗಾಲ ಕಳೆದಿವೆ ನಾವು ಮಾತಾಡಿ.
ಹಲಗೆಯಿಂದ ನಲವತ್ತೆರಡನೇ ಚಾನೆಲ್ಲಿನ ಕ್ಲಿಪ್ಪು ತೆಗೆಯದೆ
ತನ್ನ ರೇಡಿಯೊ ಹಚ್ಚಿದ್ದ;
ಮೇಲೆ ಹಾರುತ್ತಿದ್ದ ನನ್ನದು
ಪರರ ಕೈಗೆ ಸಿಕ್ಕ ಕುದುರೆಯಂತೆ ಬೆಚ್ಚಿ
ಗೋಫರ್ ಬಿಲದ ಪಕ್ಕ ಮೂಗು ನೆಟ್ಟಿತು.
'ನಿನ್ನ ಬ್ಯಾಟರಿ ಸತ್ತಿತ್ತು' ಅಂದ.
ನಾನು ಅಂದದ್ದು
ಬರೆಯುವಂಥದ್ದಲ್ಲ.

ಆರು ಸಲ ತುಂಬಿತು ಪಂಪು, ಗುಂಯ್ ಅಂತ,
ಮಗುವಿಗೆ ಹಾಲು ಕುಡಿಸಿದಂತೆ.
ಒಂಬತ್ತು ಗಂಟೆ, ಬಿಸಿಲು ಇನ್ನೂ ಉದ್ದಕ್ಕೆ ಮಲಗಿದೆ.
ಹಿಂದಿನ ಬಾಣದ ಕಡೆ ಸ್ವಿಚ್ಚೆಳೆದೆ.
ಮೋಟರು ಹಿಂದೆ ತಿರುಗಿತು, ನಿಜ;
ಎಣ್ಣೆ ಮಾತ್ರ ಮುಂದಕ್ಕೇ ಹೊರಟಿತು, ತೆಳ್ಳಗೆ,
ಟ್ಯಾಂಕು ತುಂಬಿ ಉಕ್ಕಿ ನನ್ನ ಬೂಟಿನ ಮೇಲೆ.
ಹಿಡಿದ ಮೊಲಕ್ಕೆ ಮೂರೇ ಕಾಲು!
ಒಳಗಿನ ಚಕ್ರ ಯಾವ ಕಡೆ ತಿರುಗಿದರೂ
ಅಂಚಿಗೇ ಎಸೆಯುತ್ತದೆ, ಅದಕ್ಕೆ ಗೊತ್ತಿರುವುದು ಅಷ್ಟೇ.
ಇದು ನನಗೆ ಗೊತ್ತಿರಬೇಕಿತ್ತು.
ಬಸ್ಸು ರಿಪೇರಿ ಮಾಡಿ ಬದುಕಿದವನು.

ಬೈಯುತ್ತಿದ್ದವನ ಪಕ್ಕ ಒಂದು ನೆರಳು.
ಓರೆಸ್ಟ್ ಏನೂ ಅನ್ನಲಿಲ್ಲ.
ಸ್ವಿಚ್ಚನ್ನು ನಡುವಿಗೆ ತಂದು ನಿಲ್ಲಿಸಿದ.
ವಿಮಾನವನ್ನು, ಕೊಳವೆ ಕಳಚದೆ, ಎರಡೂ ಕೈಯಲ್ಲಿ ಎತ್ತಿ
ನನ್ನ ಟ್ರಕ್ಕಿನ ಹಿಂಬಾಗಿಲ ಮೇಲಿಟ್ಟ.
ಡಬ್ಬಿ ಕೆಳಗೆ, ಹುಲ್ಲಿನಲ್ಲಿ.

ಪಾರದರ್ಶಕ ಕೊಳವೆಯೊಳಗೆ ಒಂದು ಗುಳ್ಳೆ
ನಡುಗಿತು, ನಿಂತಿತು,
ಆಮೇಲೆ ಕೆಳಕ್ಕೆ ಹೊರಟಿತು,
ಸತ್ತ ಪಂಪಿನ ನಡುವೆಯೇ ಹಾದು,
ಬಾಲದ ಹಾಗೆ ಉಳಿದೆಲ್ಲ ಎಣ್ಣೆ ಹಿಂಬಾಲಿಸಿ.

ಸೊಳ್ಳೆಗಳನ್ನು ಹೊಡೆಯುತ್ತ ನೋಡುತ್ತಿದ್ದೆವು.
ತುಂಬಾ ಹೊತ್ತು ಹಿಡಿಯಿತು.

'ಯಾರ ಪಂಪು?'
'ಪ್ರೋಸಿಕ್‌ನದು.'
'ಎಷ್ಟು ಕೊಟ್ಟೆ?'
'ಎರಡು.'
'ಜಾಸ್ತಿಯಾಯ್ತು' ಅಂದ.